ಮೈಯ ಮಾತನ್ನು ನಂಬಲಾಗದ ಕಾಯಿಲೆ

ಸಕಲೇಶಪುರದ ಕಡೆಯ ಹಳ್ಳಿಯೊಂದರಲ್ಲಿರುವ ನನ್ನ ಚಿಕ್ಕಮ್ಮನ ಮಗಳ ಅಡುಗೆಮನೆಯಲ್ಲಿ ಒಂದು ಗೋಡೆ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಕಾಫಿ ಕೊಯ್ಲಿಗೆ ಬಂದ ಆಳುಗಳ ಸಂಖ್ಯೆ, ಎಲ್ಲವನ್ನೂ ಅದರ ಮೇಲೆಯೇ ಬರೆಯುತ್ತಾರೆ. ಅವುಗಳ ನಡುವೆ ತಿಂಗಳಿಗೊಂದು ಅಂಕಿ, ಕೆಂಪು ಶಾಯಿಯಲ್ಲಿ: 2.8, 1.9, 1.1, 0.6. ತೋಟದ ಮನೆಗಳಲ್ಲಿ ಮಳೆಯನ್ನು ಇಂಚಿನಲ್ಲಿ ಬರೆದಿಡುವ ರೂಢಿ ಇರುವುದರಿಂದ ಮೊದಲ ಸಲ ನೋಡಿದಾಗ ನಾನು ಅದನ್ನು ಮಳೆಯ ಲೆಕ್ಕವೆಂದೇ ತಿಳಿದಿದ್ದೆ. ಅದು ಅವಳ ಮೂತ್ರದಲ್ಲಿ ಸೋರಿಹೋಗುತ್ತಿದ್ದ ಪ್ರೊಟೀನಿನ ಲೆಕ್ಕ.

2019ರ ಮಳೆಗಾಲದಲ್ಲಿ ಅವಳಿಗೆ ಲೂಪಸ್ ಇದೆ, ಅದು ಮೂತ್ರಪಿಂಡಕ್ಕೂ ಇಳಿದಿದೆ ಎಂದು ಬಯಾಪ್ಸಿಯಲ್ಲಿ ಗೊತ್ತಾಯಿತು. ಅದಕ್ಕೂ ಮುಂಚಿನ ಒಂದೂವರೆ ವರ್ಷ ಕೀಲುನೋವಿಗೆ ‘ವಾತ’ ಎಂಬ ಹೆಸರಿತ್ತು, ಕೆನ್ನೆಯ ಕೆಂಪಿಗೆ ‘ಬಿಸಿಲು’ ಎಂಬ ಹೆಸರಿತ್ತು, ಕೂದಲು ಉದುರುವುದಕ್ಕೆ ‘ನೀರು ಸರಿಯಿಲ್ಲ’ ಎಂಬ ಕಾರಣವಿತ್ತು. ಬೇರೆ ಬೇರೆ ಹೆಸರಿನಲ್ಲಿ ಓಡಾಡುತ್ತಿದ್ದದ್ದು ಒಂದೇ ಕಾಯಿಲೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಲೂಪಸ್ ಎಂದರೆ ದೇಹದ ರಕ್ಷಣಾ ಪಡೆ ತನ್ನವರನ್ನೇ ಪರಕೀಯರೆಂದು ಎಣಿಸಿ ಹೊಡೆಯುವ ಸ್ಥಿತಿ. ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ಹೆಚ್ಚಿನವರು ಹೆರುವ ವಯಸ್ಸಿನವರು. ಚರ್ಮ, ಕೀಲು, ರಕ್ತ, ಶ್ವಾಸಕೋಶದ ಪೊರೆ ಎಲ್ಲಿ ಬೇಕಾದರೂ ಅದು ಕೈ ಹಾಕಬಹುದು. ಸುಮಾರು ಅರ್ಧದಷ್ಟು ಮಂದಿಯಲ್ಲಿ ಒಂದಲ್ಲ ಒಂದು ಹಂತದಲ್ಲಿ ಮೂತ್ರಪಿಂಡಕ್ಕೆ ಬರುತ್ತದೆ. ರಕ್ತವನ್ನು ಸೋಸುವ ಸೂಕ್ಷ್ಮ ಜಾಲರಿಗಳ ಮೇಲೆ ಆ ರಕ್ಷಣಾ ಪಡೆಯ ಆಯುಧಗಳಾದ ಪ್ರತಿಕಾಯಗಳು ಕುಳಿತು ಉರಿಯೂತ ಎಬ್ಬಿಸುತ್ತವೆ, ಜಾಲರಿ ತೂತುಬೀಳುತ್ತದೆ, ರಕ್ತದಲ್ಲಿ ಉಳಿಯಬೇಕಾದ ಪ್ರೊಟೀನ್ ಮೂತ್ರಕ್ಕೆ ಹೋಗುತ್ತದೆ. ಬಯಾಪ್ಸಿ ವರದಿಯಲ್ಲಿ ಇದನ್ನು ಒಂದರಿಂದ ಆರರವರೆಗೆ ದರ್ಜೆಗಳಾಗಿ ಬರೆಯುತ್ತಾರೆ. ಮೂರು, ನಾಲ್ಕು, ಐದನೆಯ ದರ್ಜೆಯವರಿಗೆ ಸಾಮಾನ್ಯವಾಗಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಬಲವಾದ ಔಷಧಿಗಳು ಬೇಕು. ಚಿಕಿತ್ಸೆ ಇದ್ದೂ ಹತ್ತರಲ್ಲಿ ಒಬ್ಬಿಬ್ಬರು ವರ್ಷಗಳು ಕಳೆಯುವಷ್ಟರಲ್ಲಿ ಡಯಾಲಿಸಿಸ್ ತನಕ ಹೋಗುತ್ತಾರೆ.

ಇಷ್ಟು ವಿವರ ಯಾವ ಆರೋಗ್ಯ ಪುರವಣಿಯಲ್ಲಾದರೂ ಸಿಗುತ್ತದೆ. ಅಲ್ಲಿ ಕೊನೆಗೆ ಒಂದು ಪಟ್ಟಿಯೂ ಇರುತ್ತದೆ: ಮಾತ್ರೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ, ಬಿಸಿಲಿಗೆ ಹೋಗಬೇಡಿ. ಇದಕ್ಕೆ ವೈದ್ಯಕೀಯದಲ್ಲಿ ಸ್ವಯಂ ನಿರ್ವಹಣೆ ಎಂಬ ದೊಡ್ಡ ಹೆಸರು. ಪಟ್ಟಿ ತಪ್ಪಲ್ಲ. ಆದರೆ ವಿಧೇಯತೆಯನ್ನೇ ನಿರ್ವಹಣೆ ಎಂದು ಕರೆಯುವ ಈ ಅಭ್ಯಾಸ ಲೂಪಸ್ ಮೂತ್ರಪಿಂಡದವರ ಮಟ್ಟಿಗೆ ಬಹಳ ದೂರ ಸಾಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಕಾರಣ, ಇಲ್ಲಿ ಮೈ ಹೇಳುವ ಮಾತೇ ತಿರುಗುಮುರುಗಾಗಿದೆ.

ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದರೆ ಕೈ ನಡುಗುತ್ತದೆ, ಆಸ್ತಮಾದವರಿಗೆ ಉಸಿರು ಕಟ್ಟುತ್ತದೆ. ಮೂತ್ರಪಿಂಡದ ಜಾಲರಿ ಹರಿಯುತ್ತಿದ್ದರೆ ನೋಯುವುದಿಲ್ಲ. ನೊರೆ ಬರುವ ಮೂತ್ರ, ಬೆಳಿಗ್ಗೆ ಊದಿದ ಕಣ್ಣು, ಸಂಜೆ ಚಪ್ಪಲಿಯ ಪಟ್ಟಿ ಅಚ್ಚೊತ್ತಿದ ಪಾದ, ಇವೆಲ್ಲ ಕಾಣುವ ಹೊತ್ತಿಗೆ ಸೋರಿಕೆ ಸಾಕಷ್ಟು ಆಗಿರುತ್ತದೆ. ಕೆಲವರಲ್ಲಿ ಕಾಣುವುದೇ ಇಲ್ಲ. ಇನ್ನೊಂದು ಕಡೆ, ಮೂತ್ರಪಿಂಡವನ್ನು ಉಳಿಸುವ ಮಾತ್ರೆಗಳು ಮೈಗೆ ಹಿತವಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ ಮೈಕೋಫಿನೋಲೇಟ್ ನುಂಗಿದರೆ ಹೊಟ್ಟೆ ಕೆಡುತ್ತದೆ. ಸ್ಟೀರಾಯ್ಡ್ ಮುಖವನ್ನು ಗುಂಡಗೆ ಊದಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ನಿದ್ದೆ ಕೆಡಿಸುತ್ತದೆ. ಅಂದರೆ ರೋಗ ಕೆರಳುವಾಗ ಮೈ ಹಗುರ, ರೋಗ ತಣಿಯುವಾಗ ಮೈ ಭಾರ. ‘ಮೈ ಹೇಳಿದ ಹಾಗೆ ಕೇಳಿದರೆ ಕೆಡುವುದಿಲ್ಲ’ ಎಂದು ಅಜ್ಜಿಯಂದಿರು ಹೇಳುವ ಮಾತು ಬೇರೆ ಎಷ್ಟೋ ಕಡೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ನನ್ನ ತಂಗಿಯ ಕಥೆಯಲ್ಲೇ ಅದು ನಡೆಯಿತು. 2021ರ ನವರಾತ್ರಿಗೆ ಸಂಬಂಧಿಕರ ಮನೆಗೆ ಹೋಗಿದ್ದಾಗ ಯಾರೋ ಅವಳಿಗೆ ‘ಈಗ ಮೈಕೈ ತುಂಬಿಕೊಂಡು ಲಕ್ಷಣವಾಗಿ ಕಾಣುತ್ತೀಯ’ ಎಂದರಂತೆ. ಮೆಚ್ಚಿಕೆಯ ಮಾತೇ. ಅವಳಿಗೆ ಮಾತ್ರ ಅದು ಸ್ಟೀರಾಯ್ಡ್ ಮುಖದ ಬಗ್ಗೆ ಎಂದು ಗೊತ್ತಿತ್ತು. ಅಂಕಿ ಆಗ 0.3ಕ್ಕೆ ಇಳಿದಿತ್ತು, ಸುಸ್ತಿರಲಿಲ್ಲ, ಕೀಲು ಹಿಡಿಯುತ್ತಿರಲಿಲ್ಲ. ಸಂಜೆಯ ಎರಡು ಮಾತ್ರೆಗಳನ್ನು ನಿಲ್ಲಿಸಿದಳು. ವೈದ್ಯರಿಗೆ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಎರಡು ತಿಂಗಳು ಅವಳ ಪ್ರಕಾರ ಜೀವನದಲ್ಲೇ ಅತ್ಯಂತ ಆರಾಮದ ದಿನಗಳು. ಡಿಸೆಂಬರ್ ಪುಟದಲ್ಲಿ ಕೆಂಪು ಶಾಯಿಯ ಅಂಕಿ 1.4.

ಮಾತ್ರೆ ತಪ್ಪಿಸುವವಳು ಅವಳೊಬ್ಬಳೇ ಅಲ್ಲ. ಬೇರೆ ಬೇರೆ ದೇಶಗಳಲ್ಲಿ ಲೂಪಸ್ ರೋಗಿಗಳ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬರೆದುಕೊಟ್ಟ ಹಾಗೆ ಔಷಧಿ ತೆಗೆದುಕೊಳ್ಳುವುದಿಲ್ಲ. ಇದನ್ನು ಅಜ್ಞಾನ ಎನ್ನುವುದು ಸುಲಭ. ಅವಳು ಬಿ.ಎಡ್. ಮಾಡಿದವಳು, ಮಾತ್ರೆಯ ಹೆಸರು, ಪ್ರಮಾಣ, ಅಡ್ಡಪರಿಣಾಮ ಎಲ್ಲವೂ ಬಾಯಿಪಾಠ. ಅವಳಲ್ಲಿ ಕೊರತೆ ಇದ್ದದ್ದು ಮಾಹಿತಿಯದ್ದಲ್ಲ. ತನಗೆ ಚೆನ್ನಾಗಿದೆ ಎಂದು ತನ್ನ ಮೈಯೇ ಸಾಕ್ಷಿ ಹೇಳುತ್ತಿರುವಾಗ, ಒಂದು ಚೀಟಿಯ ಮೇಲಿನ ಅಂಕಿಯನ್ನು ಅದಕ್ಕಿಂತ ದೊಡ್ಡ ಸಾಕ್ಷಿಯಾಗಿ ಒಪ್ಪಿಕೊಳ್ಳುವ ಅಭ್ಯಾಸ ಇನ್ನೂ ಬಂದಿರಲಿಲ್ಲ.

ಹಾಗಾದರೆ ಆ ಅಂಕಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಿಂದೆ 24 ಗಂಟೆಯ ಮೂತ್ರವನ್ನು ಕ್ಯಾನಿನಲ್ಲಿ ಸಂಗ್ರಹಿಸಿ ಪ್ರಯೋಗಾಲಯಕ್ಕೆ ಒಯ್ಯಬೇಕಿತ್ತು. ಐದು ಲೀಟರಿನ ಕ್ಯಾನನ್ನು ಚೀಲದಲ್ಲಿ ಮುಚ್ಚಿಕೊಂಡು ಸರ್ಕಾರಿ ಬಸ್ಸಿನಲ್ಲಿ ಹಾಸನಕ್ಕೆ ಹೋಗುವ ಮುಜುಗರವನ್ನು ಅನುಭವಿಸಿದವರೇ ಬಲ್ಲರು. ಈಗ ಹೆಚ್ಚಿನ ಕಡೆ ಬೆಳಗಿನ ಒಂದು ಸಣ್ಣ ಡಬ್ಬಿಯ ಮೂತ್ರ ಸಾಕು. ಅದರಲ್ಲಿನ ಪ್ರೊಟೀನನ್ನು ಸ್ನಾಯುಗಳಿಂದ ಬರುವ ತ್ಯಾಜ್ಯವಾದ ಕ್ರಿಯಾಟಿನಿನ್‌ನಿಂದ ಭಾಗಿಸಿ ಅನುಪಾತ ಕೊಡುತ್ತಾರೆ. ಆರೋಗ್ಯವಂತರಲ್ಲಿ ಅದು 0.15ಕ್ಕಿಂತ ಕಡಿಮೆ. 0.5 ದಾಟಿದರೆ ವೈದ್ಯರ ಹುಬ್ಬು ಮೇಲೇಳುತ್ತದೆ. ಚಿಕಿತ್ಸೆ ಶುರುವಾಗಿ ಒಂದು ವರ್ಷದ ಹೊತ್ತಿಗೆ ಸೋರಿಕೆ ದಿನಕ್ಕೆ 0.7ರಿಂದ 0.8 ಗ್ರಾಂಗಿಂತ ಕೆಳಗಿಳಿದವರ ಮೂತ್ರಪಿಂಡ ಬಹುಕಾಲ ಬಾಳುತ್ತದೆ ಎಂಬುದು ಯುರೋಪಿನ ದೀರ್ಘ ಅಧ್ಯಯನಗಳಿಂದ ಕಂಡುಬಂದ ಮಾತು. ಒಂದು ಅಂಕಿಗೆ ಇಷ್ಟು ತೂಕ ಇರುವಾಗ ಅದನ್ನು ಬರೆದುಕೊಡುವ ರೀತಿ ಮಾತ್ರ ಒಂದೊಂದು ಕಡೆ ಒಂದೊಂದು. ಒಂದು ಪ್ರಯೋಗಾಲಯ 0.6 ಎಂದು ಮುದ್ರಿಸಿದರೆ ಇನ್ನೊಂದು ಅದನ್ನೇ 600 ಎಂದು ಮುದ್ರಿಸುತ್ತದೆ, ಏಕಮಾನ ಬೇರೆ ಅಷ್ಟೆ. ಒಮ್ಮೆ ಊರು ಬದಲಿಸಿ ಪರೀಕ್ಷೆ ಮಾಡಿಸಿದ ತಂಗಿ 580 ಎಂಬ ಅಂಕಿ ನೋಡಿ ಒಂದಿಡೀ ರಾತ್ರಿ ನಿದ್ದೆಗೆಟ್ಟಿದ್ದಳು. ಅದರ ಅರ್ಥ 0.58.

ಅಂಕಿ ಒಂದೇ ಸಾಲದು. ರಕ್ತದ ಕ್ರಿಯಾಟಿನಿನ್, ಮೂತ್ರದಲ್ಲಿ ಕೆಂಪು ರಕ್ತಕಣ, ಸಿ3 ಮತ್ತು ಸಿ4 ಎಂಬ ಎರಡು ಪ್ರೊಟೀನುಗಳ ಮಟ್ಟ, ಡಿಎನ್‌ಎ ವಿರುದ್ಧದ ಪ್ರತಿಕಾಯ, ಇವೆಲ್ಲವನ್ನೂ ವೈದ್ಯರು ಸೇರಿಸಿ ಓದುತ್ತಾರೆ. ಮನೆಯಲ್ಲಿ ಮಾಡಬಹುದಾದದ್ದು ಎರಡು. ರಕ್ತದೊತ್ತಡ ನೋಡಿ ಬರೆದಿಡುವುದು, ಮೂತ್ರಕ್ಕೆ ಅದ್ದಿದರೆ ಪ್ರೊಟೀನ್ ಇದ್ದಾಗ ಹಸಿರಿಗೆ ತಿರುಗುವ ಪಟ್ಟಿಯಿಂದ ವಾರಕ್ಕೊಮ್ಮೆ ನೋಡಿಕೊಳ್ಳುವುದು. ಈ ಪಟ್ಟಿಗಳ ಒಂದು ಡಬ್ಬಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪಟ್ಟಿ ನಿಖರವಲ್ಲ, ನೀರು ಹೆಚ್ಚು ಕುಡಿದ ದಿನ ಮೋಸ ಮಾಡುತ್ತದೆ. ಆದರೂ ಮೌನವಾಗಿರುವ ಅಂಗಕ್ಕೆ ಅದೊಂದು ಬಾಯಿ ಕೊಡುತ್ತದೆ. ಬಯಾಪ್ಸಿಯಾದ ಎರಡು ವರ್ಷಗಳವರೆಗೆ ಈ ಪಟ್ಟಿಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಔಷಧಿಗಳಲ್ಲಿ ಒಂದನ್ನು ಬೇರೆಯಾಗಿಯೇ ಹೇಳಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್, ಮೂಲತಃ ಮಲೇರಿಯಾ ಮಾತ್ರೆಯ ಕುಲದ್ದು. ಮಲೇರಿಯಾದಿಂದ ಊರುಗಳೇ ಬರಿದಾದ ಕಾಲದ ನೆನಪು ಮಲೆನಾಡಿನ ಹಳೆಯ ತಲೆಗಳಲ್ಲಿ ಇನ್ನೂ ಇದೆ. ತಂಗಿಯ ಅತ್ತೆ ಮಾತ್ರೆಯ ಹೆಸರು ಕೇಳಿದ್ದೇ ‘ಕ್ವಿನೈನ್ ತಾನೆ, ಕಹಿ’ ಎಂದು ತೀರ್ಪು ಕೊಟ್ಟರಂತೆ. ಲೂಪಸ್ ಇರುವ ಹೆಚ್ಚುಕಡಿಮೆ ಎಲ್ಲರಿಗೂ, ಮೂತ್ರಪಿಂಡಕ್ಕೆ ಬಂದಿರಲಿ ಬಿಡಲಿ, ಇದನ್ನು ಕೊಡುತ್ತಾರೆ. 1991ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಇದನ್ನು ನಿಲ್ಲಿಸಿದವರಲ್ಲಿ ರೋಗ ಕೆರಳುವ ಸಾಧ್ಯತೆ, ಮುಂದುವರಿಸಿದವರಿಗೆ ಹೋಲಿಸಿದರೆ ಎರಡೂವರೆ ಪಟ್ಟು ಇತ್ತು. ಪ್ರಮಾಣ ದೇಹದ ತೂಕಕ್ಕೆ ತಕ್ಕಂತೆ, ಕಿಲೋಗೆ ಸುಮಾರು 5 ಮಿಲಿಗ್ರಾಂ. 45 ಕಿಲೋ ತೂಗುವವರಿಗೆ ದಿನಕ್ಕೆ 225 ಮಿಲಿಗ್ರಾಂ ಆಯಿತು. ಮಾತ್ರೆ ಸಿಗುವುದು ಹೆಚ್ಚಾಗಿ 200 ಅಥವಾ 400ರಲ್ಲಿ. ದಿನ ಬಿಟ್ಟು ದಿನ ಬೇರೆ ಬೇರೆ ಪ್ರಮಾಣ ಬರೆದುಕೊಟ್ಟಾಗ ಎಣಿಕೆ ತಪ್ಪದಂತೆ ನೋಡಿಕೊಳ್ಳುವ ಕೆಲಸ ರೋಗಿಯದ್ದು. ವರ್ಷಗಟ್ಟಲೆ ತೆಗೆದುಕೊಂಡರೆ ಕಣ್ಣಿನ ಅಕ್ಷಿಪಟಲಕ್ಕೆ ತೊಂದರೆಯಾಗಬಹುದಾದ್ದರಿಂದ ಮೊದಲ ವರ್ಷದಲ್ಲಿ ಒಮ್ಮೆ, ಐದು ವರ್ಷದ ನಂತರ ಪ್ರತಿ ವರ್ಷ ಕಣ್ಣಿನ ಪರೀಕ್ಷೆ ಬೇಕು. ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನೂ ಬೇಗ, ಏಕೆಂದರೆ ಔಷಧಿ ಹೊರಹೋಗುವ ದಾರಿಗಳಲ್ಲಿ ಅದೂ ಒಂದು.

ಈ ಮಾತ್ರೆ 2020ರಲ್ಲಿ ಇಡೀ ಜಗತ್ತಿಗೆ ಪರಿಚಯವಾಯಿತು. ಆ ವರ್ಷದ ಮಾರ್ಚ್ ಕೊನೆಯ ಭಾಗದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆರೋಗ್ಯ ಕಾರ್ಯಕರ್ತರಿಗೆ ಕೋವಿಡ್ ತಡೆಗೆಂದು ಇದನ್ನು ಸೂಚಿಸಿದ್ದೇ ತಡ, ಕಂಡಕಂಡವರೆಲ್ಲ ಔಷಧಿ ಅಂಗಡಿಗೆ ಓಡಿದರು. ಮಾರ್ಚ್ 26ರಂದು ಕೇಂದ್ರ ಸರ್ಕಾರ ಇದನ್ನು ಎಚ್‌1 ಪಟ್ಟಿಗೆ ಸೇರಿಸಿ ಚೀಟಿಯಿಲ್ಲದೆ ಮಾರಬಾರದೆಂದು ಬಿಗಿ ಮಾಡುವಷ್ಟರಲ್ಲಿ ಅನೇಕ ಅಂಗಡಿಗಳ ಕಪಾಟು ಖಾಲಿ. ಲಾಕ್‌ಡೌನ್ ಬೇರೆ. ಕೋವಿಡ್ ತಡೆಯುವಲ್ಲಿ ಅದರಿಂದ ಪ್ರಯೋಜನವಿಲ್ಲ ಎಂದು ಆಮೇಲೆ ತಿಳಿಯಿತು. ಪ್ರಯೋಜನ ಇದ್ದದ್ದು ಯಾರಿಗೋ ಅವರಿಗೆ ಸಿಗಲಿಲ್ಲ. ನಮ್ಮವಳಿಗೆ ತುಮಕೂರಿನ ನೆಂಟರೊಬ್ಬರು ಮೂರು ಪಟ್ಟಿ ಮಾತ್ರೆ ಹುಡುಕಿ ತರಕಾರಿ ಲಾರಿಯಲ್ಲಿ ಕಳಿಸಿಕೊಟ್ಟರು. ಅಂದಿನಿಂದ ಅವಳ ಮನೆಯಲ್ಲಿ ಎರಡು ತಿಂಗಳ ದಾಸ್ತಾನು ಸದಾ ಇರುತ್ತದೆ, ಸಕ್ಕರೆ ಡಬ್ಬಿಯ ಪಕ್ಕದ ಬೋರ್ನ್‌ವಿಟಾ ಡಬ್ಬಿಯಲ್ಲಿ.

ಸ್ಟೀರಾಯ್ಡ್ ವಿಷಯದಲ್ಲಿ ವೈದ್ಯಕೀಯವೇ ಈಚೆಗೆ ತನ್ನ ನಿಲುವನ್ನು ಬದಲಿಸಿಕೊಂಡಿದೆ. ಮೂತ್ರಪಿಂಡ ರೋಗಗಳ ಚಿಕಿತ್ಸೆಗೆ ಸಲಹೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋ 2024ರಲ್ಲಿ ಹೊರತಂದ ಮಾರ್ಗಸೂಚಿ ಹಿಂದಿಗಿಂತ ಕಡಿಮೆ ಪ್ರಮಾಣದಿಂದ ಬೇಗ ಇಳಿಸುತ್ತ, ಕೊನೆಗೆ ದಿನಕ್ಕೆ 5 ಮಿಲಿಗ್ರಾಂ ಮೀರದಂತೆ ಇಡುವುದಕ್ಕೆ ಒಲವು ತೋರುತ್ತದೆ. ಆದರೆ ಇಳಿಸುವುದು ಬೇರೆ, ತಟ್ಟನೆ ಬಿಡುವುದು ಬೇರೆ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಮೂತ್ರಪಿಂಡದ ನೆತ್ತಿಯಲ್ಲಿರುವ ಗ್ರಂಥಿ ತಾನು ತಯಾರಿಸುವುದನ್ನೇ ಮರೆಯುತ್ತದೆ. ಒಂದು ದಿನ ಏಕಾಏಕಿ ನಿಲ್ಲಿಸಿದರೆ ವಾಂತಿ, ತಲೆಸುತ್ತು, ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ಮೊಡವೆ, ಮುಖದ ಊತ ನೋಡಲಾಗದೆ ಹೀಗೆ ಬಿಟ್ಟುಬಿಡುವವರು ಹೆಚ್ಚಾಗಿ ಕಾಲೇಜು ಹುಡುಗಿಯರು. ಅವರನ್ನು ಗದರಿಸಿ ಫಲವಿಲ್ಲ. ‘ಮುಖ ಊದುವುದು ಪ್ರಮಾಣ ಇಳಿದಂತೆ ಇಳಿಯುತ್ತದೆ, ಇಂಥ ತಿಂಗಳಿಗೆ ಇಷ್ಟಕ್ಕೆ ತರೋಣ’ ಎಂದು ತಾರೀಖು ಹಾಕಿ ಹೇಳಿದರೆ ತಡೆದುಕೊಳ್ಳುವ ಶಕ್ತಿ ಬರುತ್ತದೆ.

ನೋವಿನ ಮಾತ್ರೆಯ ಮಾತಿಗೆ ಬಂದರೆ ನನಗೆ ಸ್ವಲ್ಪ ಕೋಪವೇ ಬರುತ್ತದೆ. ಲೂಪಸ್‌ನವರಿಗೆ ಕೀಲುನೋವು ಇದ್ದೇ ಇರುತ್ತದೆ. ಔಷಧಿ ಅಂಗಡಿಯಲ್ಲಿ ‘ಕೈಕಾಲು ನೋವು’ ಎಂದರೆ ಸಾಕು, ಡೈಕ್ಲೋಫಿನಾಕ್, ಅಸೆಕ್ಲೋಫಿನಾಕ್, ಐಬುಪ್ರೊಫೇನ್ ಯಾವುದಾದರೊಂದನ್ನು ಕತ್ತರಿಯಿಂದ ನಾಲ್ಕು ಕತ್ತರಿಸಿ ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ಹಾಗೆ ಕತ್ತರಿಸಿದ ತುಂಡಿನ ಮೇಲೆ ಹೆಸರೂ ಇರುವುದಿಲ್ಲ. ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ಇವು ತಗ್ಗಿಸುತ್ತವೆ. ಮೊದಲೇ ಉರಿಯೂತವಾದ ಮೂತ್ರಪಿಂಡದ ಮೇಲೆ ಇದು ಗಾಯದ ಮೇಲೆ ಬರೆ. ಪ್ಯಾರಾಸಿಟಮಾಲ್ ಸಾಮಾನ್ಯ ಪ್ರಮಾಣದಲ್ಲಿ ಇವರಿಗೆ ಎಷ್ಟೋ ಮೇಲು. ನಾಟಿ ಔಷಧಿಯ ಬಗ್ಗೆ ಬರೆದರೆ ಓದುಗರಲ್ಲಿ ಕೆಲವರು ಮುನಿಸಿಕೊಳ್ಳುತ್ತಾರೆ ಎಂದು ಗೊತ್ತು. ಆದರೂ ಪಾದರಸ, ಸೀಸದಂಥ ಲೋಹ ಸೇರಿದ ಭಸ್ಮ, ಲೇಹ್ಯಗಳು ಮೂತ್ರಪಿಂಡದ ಜಾಲರಿಯನ್ನು ಕೆಡಿಸುವುದನ್ನು ವೆಲ್ಲೂರಿನ ವೈದ್ಯರು ದಾಖಲಿಸಿದ್ದಾರೆ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಮುಖ ಬೆಳ್ಳಗಾಗಲು ಹಚ್ಚುವ ಕ್ರೀಮುಗಳಲ್ಲಿನ ಪಾದರಸದಿಂದ ಅದೇ ತೊಂದರೆ ಬಂದದ್ದನ್ನು ವರದಿ ಮಾಡಿದ್ದಾರೆ. ಲೂಪಸ್ ಕೆನ್ನೆಯ ಮೇಲೆ ಕಲೆ ಬಿಟ್ಟುಹೋಗುತ್ತದೆ, ಕಲೆ ಮುಚ್ಚಲು ಹುಡುಗಿ ಕ್ರೀಮು ಹಚ್ಚುತ್ತಾಳೆ. ಯಾವ ವೈದ್ಯರೂ ‘ಮುಖಕ್ಕೆ ಏನು ಹಚ್ಚುತ್ತೀಯಮ್ಮ’ ಎಂದು ಕೇಳುವುದಿಲ್ಲ, ಮೂತ್ರಪಿಂಡಕ್ಕೂ ಅದಕ್ಕೂ ಸಂಬಂಧವಿದೆ ಎಂದು ಅವಳಿಗೂ ಹೊಳೆಯುವುದಿಲ್ಲ.

ಅಡುಗೆಮನೆಯಲ್ಲಿ ಜಗಳ ಉಪ್ಪಿನದ್ದು. ದಿನಕ್ಕೆ 5 ಗ್ರಾಂ ಒಳಗೆ, ಎಂದರೆ ಒಂದು ಚಹಾ ಚಮಚ ಮಟ್ಟಸವಾಗಿ. ಅಪ್ಪೆಮಿಡಿ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಹಪ್ಪಳ ಇಲ್ಲದೆ ಗಂಜಿ ಇಳಿಯದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಸೊಸೆಗೆಂದು ಬೇರೆ ಸಾರು ಮಾಡುವ ಮನೆ ಎಲ್ಲಿದೆ? ತಂಗಿ ಕಂಡುಕೊಂಡ ದಾರಿ ಎಂದರೆ ಇಡೀ ಮನೆಗೇ ಅರ್ಧ ಉಪ್ಪಿನಲ್ಲಿ ಅಡುಗೆ, ಬೇಕಾದವರು ತಟ್ಟೆಗೆ ಹಾಕಿಕೊಳ್ಳಲಿ ಎಂದು ಪಂಕ್ತಿಯಲ್ಲಿ ಉಪ್ಪಿನ ಬಟ್ಟಲು. ಮೊದಲ ತಿಂಗಳು ಮಾವ ಊಟದ ಹೊತ್ತಿಗೆ ಮುಖ ಸಿಂಡರಿಸಿದರು, ಆಮೇಲೆ ಅವರ ರಕ್ತದೊತ್ತಡವೂ ಇಳಿಯಿತು ಎಂದು ಈಗ ಅವರೇ ಹೇಳಿಕೊಂಡು ತಿರುಗುತ್ತಾರೆ. ಒಂದು ಎಚ್ಚರಿಕೆ: ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ಕೆಲಸ ಕುಗ್ಗಿದವರಿಗೆ ಅದು ಅಪಾಯ. ಎಳನೀರಿನದ್ದೂ ಅದೇ ಕಥೆ.

ಬಿಸಿಲಿನ ವಿಷಯ. ನೇರಳಾತೀತ ಕಿರಣ ಚರ್ಮದ ಮೇಲೆ ಬಿದ್ದರೆ ಲೂಪಸ್ ಕೆರಳುತ್ತದೆ, ಕೆಲವರಲ್ಲಿ ಚರ್ಮಕ್ಕೇ ನಿಲ್ಲದೆ ಒಳಕ್ಕೂ ಹೋಗುತ್ತದೆ. ಕಾಫಿ ತೋಟದಲ್ಲಿ ನೆರಳಿನ ಮರಗಳಿರುವುದರಿಂದ ಕೊಯ್ಲಿನ ಕೆಲಸ ಅಷ್ಟು ಕಷ್ಟವಲ್ಲ. ಕಷ್ಟ ಇರುವುದು ಕಣದಲ್ಲಿ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಹಣ್ಣು ಒಣಗಿಸುವ ಕಣ ಎಂದರೆ ಬಿಳಿ ಸಿಮೆಂಟಿನ ಬಯಲು, ಮೇಲಿನಿಂದಲೂ ಕೆಳಗಿನಿಂದಲೂ ಬಿಸಿಲು. ಕಾಫಿ ಹರವುವುದು, ತಿರುವಿ ಹಾಕುವುದು ಮನೆಯ ಹೆಂಗಸರ ಕೆಲಸ. ಅವಳು ಕಣ ಬಿಟ್ಟು ಆಳುಗಳ ಹಾಜರಿ, ಬಟವಾಡೆಯ ಲೆಕ್ಕ ಹಿಡಿದಳು. ಕೆಲಸ ಬಿಡಲಿಲ್ಲ, ಬದಲಿಸಿಕೊಂಡಳು. ಸ್ವಂತ ತೋಟವಿದ್ದವಳು ಹಾಗೆ ಮಾಡಿಕೊಳ್ಳಬಹುದು. ಅದೇ ಕಣದಲ್ಲಿ ದಿನಗೂಲಿಗೆ ಬರುವವಳಿಗೆ ಲೂಪಸ್ ಬಂದರೆ ಅವಳಿಗೆ ಹಾಜರಿ ಪುಸ್ತಕ ಯಾರು ಕೊಡುತ್ತಾರೆ? ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ ಎಂದು ಬರೆದುಕೊಡುವುದು ಸುಲಭ. ಎರಡು ಗಂಟೆಗೊಮ್ಮೆ ಹಚ್ಚಿದರೆ ಒಂದು ಟ್ಯೂಬ್ ಎಷ್ಟು ದಿನ ಬರುತ್ತದೆಂದು ಲೆಕ್ಕ ಹಾಕಿದವರು ಕಡಿಮೆ. ಕೊಡೆ, ತುಂಬುತೋಳಿನ ರವಿಕೆ, ತಲೆಗೆ ದಪ್ಪ ವಸ್ತ್ರ ಇವು ಇನ್ನೂ ಅಗ್ಗದ, ನಂಬಲರ್ಹ ರಕ್ಷಣೆ.

ಮದುವೆ, ಮಗು ಎಂಬ ಎರಡು ಪದಗಳ ಸುತ್ತ ಈ ಕಾಯಿಲೆಯ ಅರ್ಧ ಗುಟ್ಟು ಅಡಗಿದೆ. ಸಂಬಂಧ ಕೂಡುವಾಗ ವಿಷಯ ಮುಚ್ಚಿಡುತ್ತಾರೆ, ಮುಚ್ಚಿಟ್ಟಮೇಲೆ ಗಂಡನ ಮನೆಯಲ್ಲಿ ಮಾತ್ರೆಯನ್ನೂ ಮುಚ್ಚಿಟ್ಟು ನುಂಗಬೇಕಾಗುತ್ತದೆ, ಕದ್ದು ನುಂಗುವ ಮಾತ್ರೆ ತಪ್ಪದೆ ಇರುತ್ತದೆಯೆ? ಲೂಪಸ್ ಇದ್ದವರು ತಾಯಿಯಾಗಬಾರದು ಎಂಬ ನಂಬಿಕೆ ಈಗ ಹಳತಾಗಿದೆ. ಆದರೆ ಯಾವಾಗ ಎಂಬುದು ಮುಖ್ಯ. ರೋಗ ಕನಿಷ್ಠ ಆರು ತಿಂಗಳು ತಣ್ಣಗಿರಬೇಕು. ಮೈಕೋಫಿನೋಲೇಟ್ ಭ್ರೂಣಕ್ಕೆ ಹಾನಿ ಮಾಡುವುದರಿಂದ ಗರ್ಭ ಧರಿಸುವ ಆರು ವಾರ ಮುಂಚೆಯಾದರೂ ಅದನ್ನು ನಿಲ್ಲಿಸಿ ಗರ್ಭಕ್ಕೆ ಒಗ್ಗುವ ಇನ್ನೊಂದು ಔಷಧಿ ಅಜಥಿಯೋಪ್ರಿನ್‌ಗೆ ಬದಲಾಗಬೇಕು. ಪ್ರೊಟೀನ್ ಸೋರಿಕೆ ತಗ್ಗಿಸಲು ಕೊಡುವ ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ರಕ್ತದೊತ್ತಡದ ಮಾತ್ರೆಗಳೂ ಗರ್ಭಿಣಿಗೆ ಸಲ್ಲ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ಮುಂದುವರಿಯಬೇಕು, ಅದನ್ನೇ ‘ಬಸಿರಿಯಲ್ಲವೆ’ ಎಂದು ಮನೆಯವರು ಮೊದಲು ನಿಲ್ಲಿಸಿಸುತ್ತಾರೆ. ಇಷ್ಟೆಲ್ಲ ಯೋಜನೆ ಮಾಡಬೇಕಾದರೆ ಹೆಂಡತಿಗೆ ಮನೆಯಲ್ಲಿ ಬಾಯಿಬಿಟ್ಟು ಮಾತಾಡುವ ಜಾಗ ಇರಬೇಕು. ಯಾವ ಮಾರ್ಗಸೂಚಿಯೂ ಅದನ್ನು ಬರೆದುಕೊಡುವುದಿಲ್ಲ.

1988ರಲ್ಲಿ ಕಾರ್ಬಿನ್ ಮತ್ತು ಸ್ಟ್ರಾಸ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ದೀರ್ಘ ಕಾಯಿಲೆಯೊಂದಿಗೆ ಬದುಕುವವರಿಗೆ ಮೂರು ಬಗೆಯ ದುಡಿಮೆ ಇರುತ್ತದೆ ಎಂದಿದ್ದರು: ಕಾಯಿಲೆಯನ್ನು ನೋಡಿಕೊಳ್ಳುವುದು, ಬದುಕಿನ ಪಾತ್ರಗಳನ್ನು ಮತ್ತೆ ಹೊಂದಿಸಿಕೊಳ್ಳುವುದು, ಮನಸ್ಸನ್ನು ಸಂಭಾಳಿಸುವುದು. ಸ್ವಯಂ ನಿರ್ವಹಣೆ ಎಂಬ ಮಾತು ಮುಂದೆ ಇದರ ಮೇಲೆಯೇ ಬೆಳೆಯಿತು. ನಮ್ಮ ಆಸ್ಪತ್ರೆಗಳಲ್ಲಿ ಕಿವಿಗೆ ಬೀಳುವುದು ಮೊದಲನೆಯದು ಮಾತ್ರ. ಉಳಿದೆರಡನ್ನು ‘ಮನೆಯ ವಿಷಯ’ ಎಂದು ಬಾಗಿಲ ಹೊರಗೆ ಬಿಡುತ್ತಾರೆ. ಕಣ ಬಿಟ್ಟು ಲೆಕ್ಕ ಹಿಡಿದದ್ದು, ಇಡೀ ಮನೆಯ ಉಪ್ಪು ಇಳಿಸಿದ್ದು ಅವಳ ಕಡತದಲ್ಲಿ ಎಲ್ಲೂ ಇಲ್ಲ. ಅಂಕಿ ಏರಿದಾಗ ಮಾತ್ರ ‘ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ’ ಎಂದು ಬರೆದಿದೆ.

ದುಡ್ಡಿನ ವಿಷಯವನ್ನು ಬಿಟ್ಟು ಇದನ್ನೆಲ್ಲ ಹೇಳುವುದು ಅನ್ಯಾಯವಾಗುತ್ತದೆ. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ. ಒಳ್ಳೆಯ ಕೆಲಸ, ಅದರಿಂದ ಬದುಕಿದವರು ಅಸಂಖ್ಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಆದರೆ ಅದರ ಕಟ್ಟಡ ನಿಂತಿರುವುದು ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಯ ಮೇಲೆ. ಲೂಪಸ್ ಮೂತ್ರಪಿಂಡದ ಯುದ್ಧ ನಡೆಯುವುದು ಆಸ್ಪತ್ರೆಯ ಹಾಸಿಗೆಯಲ್ಲಲ್ಲ, ಹೊರರೋಗಿ ಚೀಟಿಯಲ್ಲಿ: ತಿಂಗಳಿಗೆ ಕೆಲವು ಸಾವಿರ ರೂಪಾಯಿಯ ಮಾತ್ರೆ, ಪರೀಕ್ಷೆ, ಬಸ್ ಚಾರ್ಜು, ಹೋದ ಒಂದು ದಿನದ ಕೂಲಿ. ವರ್ಷಗಟ್ಟಲೆ ಈ ಖರ್ಚನ್ನು ಮನೆಯೇ ಹೊರಬೇಕು. ಹೊರಲಾಗದೆ ಮೂತ್ರಪಿಂಡ ಹೋದರೆ, ಆಗ ವಾರಕ್ಕೆ ಎರಡು ಮೂರು ಸಲ ನಾಲ್ಕು ನಾಲ್ಕು ಗಂಟೆಯ ಯಂತ್ರದ ಖರ್ಚನ್ನು ಸರ್ಕಾರ ಹೊರುತ್ತದೆ. ಸರ್ಕಾರದ ಲೆಕ್ಕದಲ್ಲೂ ಇದು ದುಬಾರಿ ಬಾಬತ್ತು ಎಂದು ಹೇಳಲು ಅರ್ಥಶಾಸ್ತ್ರ ಓದಿರಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳ ಪಟ್ಟಿಯಲ್ಲಿ ಲೂಪಸ್ ಇಲ್ಲ, ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯೂ ಇಲ್ಲ. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುವವರಿಗೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರೂ ಇಲ್ಲ.

ಇದರಲ್ಲಿ ಅಗ್ಗವಾಗಿ ಸರಿಪಡಿಸಬಹುದಾದದ್ದು ಇದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಮೂತ್ರದ ಪ್ರೊಟೀನ್ ಅನುಪಾತ ನೋಡುವಂತಿದ್ದರೆ ಸಕಲೇಶಪುರದವರು ಅದಕ್ಕೆಂದೇ ಹಾಸನಕ್ಕೆ ಹೋಗಬೇಕಿಲ್ಲ. ಫಲಿತಾಂಶವನ್ನು ತಜ್ಞರ ತಂಡಕ್ಕೆ ಫೋನಿನಲ್ಲಿ ಕಳಿಸಿ ಉತ್ತರ ಪಡೆಯುವ ವ್ಯವಸ್ಥೆ ಇದ್ದರೆ ತಜ್ಞರು ಬೆಂಗಳೂರಿನಲ್ಲೇ ಇದ್ದರೂ ನಡೆಯುತ್ತದೆ. ಜ್ವರ ಬಂದಾಗ ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಡಬಹುದು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯಲ್ಲಿರುವವರಿಗೆ ಜ್ವರ ಎಂದರೆ ಎರಡು ದಿನ ಕಾದು ನೋಡುವ ಜ್ವರವಲ್ಲ, ಅದೇ ದಿನ ವೈದ್ಯರಲ್ಲಿಗೆ ಹೋಗಬೇಕಾದ ಜ್ವರ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ಇವರು ಹಾಕಿಸಿಕೊಳ್ಳಬೇಕು, ಜೀವಂತ ವೈರಾಣುವಿನ ಲಸಿಕೆಗಳನ್ನು ಕೇಳದೆ ಹಾಕಿಸಿಕೊಳ್ಳಬಾರದು. ಇಷ್ಟನ್ನು ಬರೆಯಲು ಅಂಚೆ ಕಾರ್ಡಿನಷ್ಟು ಜಾಗ ಸಾಕು.

ಕಳೆದ ಅಕ್ಟೋಬರ್‌ನಲ್ಲಿ ನಾನೂ ಅವಳ ಜೊತೆ ಬೆಂಗಳೂರಿಗೆ ಹೋಗಿದ್ದೆ. ಅಂಕಿ ಎರಡು ವರ್ಷದಿಂದ 0.2ರ ಆಸುಪಾಸಿನಲ್ಲಿದೆ. ಬಲವಾದ ಮಾತ್ರೆಯನ್ನು ಇಳಿಸುತ್ತ ನಿಲ್ಲಿಸುವುದನ್ನು ಯೋಚಿಸಬಹುದು ಎಂದರು ವೈದ್ಯರು. ಒಮ್ಮೆ ತಾನೇ ಕದ್ದು ನಿಲ್ಲಿಸಿದ್ದವಳು ಈಗ ಹೆದರಿದಳು. ‘ನಿಲ್ಲಿಸಿದವರಲ್ಲಿ ಎಷ್ಟು ಜನರಿಗೆ ವಾಪಸ್ ಬಂದಿದೆ, ಸರ್?’ ಎಂದು ಕೇಳಿದಳು. ಅವರು ಫ್ರಾನ್ಸಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೊಂದರ ಲೆಕ್ಕ ಹೇಳಿದರು: ಎರಡು ಮೂರು ವರ್ಷ ಮಾತ್ರೆ ತೆಗೆದುಕೊಂಡು ನಿಲ್ಲಿಸಿದವರಲ್ಲಿ ನೂರಕ್ಕೆ ಸುಮಾರು 27 ಮಂದಿಗೆ ಮೂತ್ರಪಿಂಡದಲ್ಲಿ ಮರುಕಳಿಸಿತು, ಮುಂದುವರಿಸಿದವರಲ್ಲಿ ಸುಮಾರು 12 ಮಂದಿಗೆ. ನಿಲ್ಲಿಸಿದವರಲ್ಲಿ ಉಳಿದ ಎಪ್ಪತ್ತು ಚಿಲ್ಲರೆ ಮಂದಿಗೆ ಮೂತ್ರಪಿಂಡಕ್ಕೆ ವಾಪಸ್ ಬರಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ ಎಂದರು.

ಅವಳು ಸ್ವಲ್ಪ ಹೊತ್ತು ಕಡತದ ಪ್ಲಾಸ್ಟಿಕ್ ಕವರನ್ನು ಬೆರಳಲ್ಲಿ ಮಡಿಸುತ್ತ ಕುಳಿತಿದ್ದಳು. ಆಮೇಲೆ, ‘ಇಳಿಸೋಣ ಸರ್, ಆದರೆ ಈಗ ಬೇಡ. ನವೆಂಬರ್‌ನಿಂದ ಕೊಯ್ಲು, ಫೆಬ್ರವರಿ ಮುಗಿಯುವವರೆಗೆ ತಿಂಗಳು ತಿಂಗಳು ಹಾಸನಕ್ಕೆ ಹೋಗಿ ಪರೀಕ್ಷೆ ಮಾಡಿಸಲು ನನ್ನಿಂದ ಆಗುವುದಿಲ್ಲ. ನೋಡಿಕೊಳ್ಳಲು ಆಗದ ಹೊತ್ತಿನಲ್ಲಿ ಇಳಿಸಿದರೆ ಏನು ಪ್ರಯೋಜನ? ಮಾರ್ಚ್‌ನಲ್ಲಿ ಶುರು ಮಾಡುತ್ತೇನೆ’ ಎಂದಳು. ವೈದ್ಯರು ಚೀಟಿಯಲ್ಲಿ ಅದನ್ನೇ ಬರೆದರು, ಕಾಫಿ ಕೊಯ್ಲಿನ ನಂತರ ಎಂದು.